ಎಂಟು ಸೀಟಿನ ವ್ಯಾನು

ಕಾರು ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ ಎಂಬುದನ್ನು ನಾನು ನಂಬುವುದಿಲ್ಲ. ಅಪ್ಪನ ವಿಷಯದಲ್ಲಿ ಮಾತ್ರ ನಂಬಿದ್ದೆ. ಮೂವರೇ ಇದ್ದ ಮನೆಗೆ ಎಂಟು ಸೀಟಿನ ವ್ಯಾನು ತಂದವನಿಗೆ ಜನರೆಂದರೆ ಇಷ್ಟವಿರಲೇಬೇಕು ಎಂದುಕೊಂಡಿದ್ದೆ. ಸಣ್ಣವನಿದ್ದಾಗ ಹಿಂದಿನ ಸೀಟಿನಲ್ಲಿ ಕುಳಿತು ಕೇಳಿದ ಅವನ ನಗು ನೆನಪಿದೆ, ಅಥವಾ ಇದೆ ಅನ್ನಿಸುತ್ತದೆ.

ಅಪ್ಪ ತೀರಿಕೊಂಡ ಮರುತಿಂಗಳು ವ್ಯಾನು ಮಾರಲು ದಾಂಡೇಲಿಗೆ ಹೋದೆ. ಕೊಳ್ಳಲು ಬಂದವರು ಅಂಬೇವಾಡಿಯ ಕಾಕಾ, ಮಿಲ್ಲಿನಲ್ಲಿ ಅಪ್ಪನ ಶಿಫ್ಟಿನಲ್ಲೇ ಇದ್ದವರು.

"ಅಪ್ಪಗ ಮಂದಿ ಅಂದ್ರ ಭಾಳ ಪ್ರೀತಿ ಇತ್ತಲ್ರೀ ಕಾಕಾ?" ಎಂದೆ.

"ಯಾರಿಗೆ, ನಿಮ್ಮಪ್ಪಗ?" ಕಾಕಾ ನಕ್ಕರು. "ಅಂವಗ ಸಣ್ಣ ಕಾರ್ ಬೇಕಾಗಿತ್ತೋ ತಮ್ಮಾ. ಶಿಫ್ಟಿನವ್ರೆಲ್ಲಾ ಕೂಡೇ ಹೋಗೂಣು ಅಂತ ನಾವ ಗಂಟುಬಿದ್ದು ವ್ಯಾನ್ ತಗಸಿದ್ವಿ. ದಿನಾ ಎಲ್ಲಾರನ್ನೂ ಮನಿಮಟ ಮುಟ್ಟಸ್ತಿದ್ದ. ಆದ್ರ ಮಾತಾಡೂದೇನಿದ್ರೂ ಹಾರ್ನ್ ಅಷ್ಟ."

"ನಗ್ತಿದ್ನಲ್ರೀ?"

"ನಗ್ತಿದ್ದಾಂವ ನಾ. ಅವನ ಬಾಜೂಕ ಕುಂದರ್ತಿದ್ದೆ."

ಅಳು ಬರಬಹುದೆಂದು ಕಾದೆ, ಬರಲಿಲ್ಲ. ಕಾಗದಕ್ಕೆ ಸಹಿ ಹಾಕಿ ಚಾವಿ ಕೊಟ್ಟೆ. ಕಾಕಾ ಎಡಬದಿಯ ಬಾಗಿಲು ತೆಗೆದು ಹತ್ತಿ ಕುಳಿತು, ಸ್ವಲ್ಪ ಹೊತ್ತು ಕಾದರು. ಆಮೇಲೆ ಇಳಿದು, ಸ್ಟಿಯರಿಂಗ್ ಇದ್ದ ಕಡೆಗೆ ಸುತ್ತಿ ಬಂದರು.