ಅಪ್ಪನ ಎದೆ, ನನ್ನ ಪರೀಕ್ಷೆ

ಎಂಬಿಬಿಎಸ್ ಮುಗಿಸಿ, ಎಂ.ಡಿ.ಯೂ ಮುಗಿಸಿ, ಹೃದ್ರೋಗ ಕಲಿಯಲು ನಾನು ಮತ್ತೆ ಕಾಲೇಜು ಸೇರಿದಾಗ ಆಳಂದದ ನಮ್ಮ ಓಣಿಯವರು ಒಂದೇ ತೀರ್ಮಾನಕ್ಕೆ ಬಂದರು: ಹುಡುಗಿ ನಪಾಸಾಗಿದ್ದಾಳೆ. ಪಾಸಾದವರು ಈ ವಯಸ್ಸಿನಲ್ಲಿ ಪುಸ್ತಕ ಹಿಡಿದು ಕೂರುತ್ತಾರೆಯೇ? ಎಂಬತ್ತರ ದಶಕದ ಕೊನೆ ಅದು. ರಜೆಗೆ ಬಂದರೆ ಸಾಕು, ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲಿಂದಲೇ ಕೇಳುತ್ತಿದ್ದಳು.

“ಈ ಸಲನಾದ್ರೂ ಆತೇನವ್ವಾ?”

“ಆಗಿ ಭಾಳ ದಿನ ಆತ ಆಯಿ. ಇದು ಅದರ ಮ್ಯಾಲಿನ ಓದು.”

“ಇರ್ಲಿ ಬಿಡವ್ವಾ, ಎದಿಗುಂದಬ್ಯಾಡ. ನನ್ನ ಮೊಮ್ಮಗನೂ ಮೆಟ್ರಿಕ್‌ಗೆ ಇನ್ನಾ ಕುಂದರ್ಲಾಕತ್ತಾನ.”

ನನಗೆ ಮೈಯೆಲ್ಲ ಉರಿಯುತ್ತಿತ್ತು. ಓಣಿಯವರು ಹಾಳಾಗಲಿ, ಅಪ್ಪನಿಗೂ ಒಳಗೊಳಗೇ ಅದೇ ಅನುಮಾನ. ಅಪ್ಪ ತೊಗರಿ ವ್ಯಾಪಾರಿ. ಆ ರಜೆಯಲ್ಲಿ ಗಮನಿಸಿದೆ: ಅಂಗಡಿಯಿಂದ ಮನೆಗೆ ಬರುವಾಗ ದಾರಿಯಲ್ಲೇ ನಿಂತು ಎದೆ ಒತ್ತಿಕೊಳ್ಳುತ್ತಿದ್ದರು. ಕೇಳಿದರೆ “ಗ್ಯಾಸ್” ಅನ್ನುವರು. ಓಮಕಾಳು ಅಗಿದು, ಸೋಡಾ ಕುಡಿದು, ಬೇಕೆಂದೇ ದೊಡ್ಡದಾಗಿ ತೇಗಿ ನನಗೆ ಸಾಕ್ಷಿ ಒದಗಿಸುವರು.

“ಅಪ್ಪಾ, ಒಮ್ಮೆ ನೋಡ್ತೇನ್ರಿ.”

“ಪೂರಾ ಕಲ್ತು ಬಾ. ಆಮ್ಯಾಲ ತೋರಸ್ತೇನಿ.”

ಕಂಡವರ ಎದೆಗೆಲ್ಲ ಕಿವಿಗೊಡುವುದೇ ನನ್ನ ಓದು. ಸ್ವಂತ ಅಪ್ಪ ಎದೆ ಮುಟ್ಟಗೊಡಲೊಲ್ಲರು. ಮೊದಲು ಸಿಟ್ಟು ಬಂತು, ಆಮೇಲೆ ನಿಜಕ್ಕೂ ಹೆದರಿಕೆಯಾಯಿತು. ಕೊನೆಗೆ ಒಂದು ಸುಳ್ಳು ಕಟ್ಟಿದೆ.

“ಪರೀಕ್ಷಾಕ್ಕ ಒಬ್ಬರ ಇಸಿಜಿ ಒಯ್ಯಬೇಕ್ರಿ ಅಪ್ಪಾ. ಯಾರೂ ಸಿಗವಲ್ಲರು. ಒಯ್ಯಲಿಲ್ಲಂದ್ರ ಈ ಸಲನೂ ನಪಾಸ್.”

“ಈ ಸಲನೂ” ಎಂದು ಬೇಕೆಂದೇ ಸೇರಿಸಿದ್ದೆ. ಅಪ್ಪ ಎದ್ದು ಅಂಗಿ ಹಾಕಿಕೊಂಡರು. ಎದೆನೋವಿಗೆ ಹೆದರದವರು ನನ್ನ ರಿಸಲ್ಟಿಗೆ ಹೆದರಿದ್ದರು.

ಪರಿಚಯದ ಹಿರಿಯ ಡಾಕ್ಟರೊಬ್ಬರ ದವಾಖಾನೆಯಲ್ಲಿ ಇಸಿಜಿ ಯಂತ್ರವಿತ್ತು. ಅಪ್ಪ ಮಂಚದ ಮೇಲೆ ಮಲಗಿದರು, ಬಾಯಿ ಮಾತ್ರ ಮುಚ್ಚಲಿಲ್ಲ. ಕಂಪೌಂಡರನಿಗೆ ತೊಗರಿಯ ಧಾರಣೆ ಹೇಳಿದರು, ನಿಂಬರ್ಗಾದ ಬೆಳೆ ಹೇಗಿದೆ ಎಂದು ವಿಚಾರಿಸಿದರು. ಅವರು ಕೈ ಆಡಿಸಿದಂತೆಲ್ಲ ಕಾಗದದ ಮೇಲಿನ ಗೆರೆ ಕುಣಿಯಿತು. ಸಾಲದ್ದಕ್ಕೆ, ಯಂತ್ರದ ರಬ್ಬರ್ ಬುರುಡೆ ಅಂಟಿಸಬೇಕಾದ ಜಾಗದಲ್ಲೇ ಕೊರಳಿಂದ ಇಳಿಬಿದ್ದ ಲಿಂಗದ ಬೆಳ್ಳಿ ಕರಡಿಗೆ.

“ಇದನ್ನ ತುಸು ತೆಗೀರಿ ಸಾವಕಾರ್ರ,” ಅಂದ ಕಂಪೌಂಡರ.

“ಏನಂದ್ಯೋ?” ಅಪ್ಪ ಅರ್ಧ ಎದ್ದೇ ಬಿಟ್ಟರು. ಹುಟ್ಟಿದಾಗ ಕಟ್ಟಿದ ಲಿಂಗವನ್ನು ಮೈಮೇಲಿಂದ ಎಂದೂ ತೆಗೆದವರಲ್ಲ, ಒಂದು ಯಂತ್ರಕ್ಕಾಗಿ ತೆಗೆಯುವರೇ? ಈಗ ಎದ್ದು ಹೋದರೆ ಮತ್ತೆ ಸಿಗುವ ಆಸಾಮಿಯಲ್ಲ.

“ತೆಗೀಬ್ಯಾಡ್ರಿ ಅಪ್ಪಾ. ಪೂಜಾದಾಗ ಹಿಡೀತೀರಲ್ಲ, ಹಂಗ ಎಡಗೈಯಾಗ ಹಿಡ್ಕೋರಿ.”

ಶಿವದಾರ ಕೊರಳಲ್ಲೇ ಉಳಿಯಿತು, ಕರಡಿಗೆ ಅಂಗೈಗೆ ಬಂತು. ಅಪ್ಪ ಅದರ ಮೇಲೆ ದೃಷ್ಟಿ ನೆಟ್ಟರು. ತೊಗರಿ ನಿಂತಿತು, ನಿಂಬರ್ಗಾ ನಿಂತಿತು. ಉಸಿರು ತಾನಾಗಿ ನಿಧಾನವಾಯಿತು. ಕಾಲೇಜಿನಲ್ಲಿ ಎಷ್ಟು ಬೇಡಿಕೊಂಡರೂ ಯಾವ ಪೇಶಂಟೂ ಅಷ್ಟು ಅಲುಗಾಡದೆ ಮಲಗಿದ್ದಿಲ್ಲ.

ಗೆರೆಗಳು ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ ಬಂದವು. ಹಳೆಯ ಹಾರ್ಟ್ ಅಟ್ಯಾಕಿನ ಗುರುತು ಅದರಲ್ಲಿ ನಿಚ್ಚಳವಾಗಿತ್ತು. ಯಾವತ್ತೋ ಸೋಡಾ ಕುಡಿದು ದಾಟಿಸಿದ ‘ಗ್ಯಾಸ್’ ಅದು. ಪ್ರೊಫೆಸರರ ಮುಂದೆ ಇಂಥವನ್ನು ಗಿಳಿಯಂತೆ ಒಪ್ಪಿಸುತ್ತಿದ್ದವಳು ಅದೇ ಕಾಗದವನ್ನು ಮತ್ತೆ ಮೊದಲಿನಿಂದ ಓದಿದೆ.

ಅಪ್ಪ ನನ್ನ ಮುಖ ನೋಡಿದರು. “ಏನ್ ಬೇ, ಜಡ್ಡು ಸಿಕ್ತೇನು?”

“ಸಿಕ್ತ್ರಿ.”

“ಖರೇನ ಹಾರ್ಟಿಂದೇ?”

“ಹೌದ್ರಿ ಅಪ್ಪಾ. ಒಮ್ಮೆ ಬಂದು ಹೋಗ್ಯಾದ. ನಾಳಿನೇ ನನ್ನ ಜೋಡಿ ನಡೀರಿ, ನಮ್ಮ ದೊಡ್ಡ ದವಾಖಾನಿಗಿ.” ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು.

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆದುರು ಹೋಗಿ ನಿಂತು ಗಟ್ಟಿಯಾಗಿ ಸಾರಿದರು:

“ಕೇಳ್ರೆಪ್ಪಾ, ನನಗ ಹಾರ್ಟಿನ ಜಡ್ಡು ಅದ! ನನ್ನ ಮಗಳು ಪಾಸ್!”