ಹಳದಿ ಹಾಳೆಯ ಮೇಲಿನ ಕತ್ತಿ

ನಂಜನಗೂಡಿನ ಅಕ್ಕಿ ಅಂಗಡಿಯೊಂದರ ಮಹಡಿಯಲ್ಲಿ ಕೂತು ಜಪಾನಿನ ಹೊಡೆದಾಟದ ಕಾರ್ಟೂನುಗಳಿಗೆ ಚಿತ್ರ ಬರೆಯುತ್ತಿದ್ದೆವು ಎಂದರೆ ಈಗ ಯಾರೂ ನಂಬುವುದಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸು. ನಾನು ಸೋಸಲೆಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದೆ. ನಮ್ಮ ನಿರ್ದೇಶಕರು ಹೆಮ್ಮಿಗೆಯವರು. ಜಪಾನಿನಲ್ಲೇ ಬಹಳ ವರ್ಷ ಕತ್ತಿವರಸೆ ಬರೆದು ಬರೆದು, ಕಡೆಗೆ ಬೇರೆಯವರ ಚಿತ್ರ ತಿದ್ದುವ ಪಟ್ಟಕ್ಕೇರಿ ಬಂದವರು. ನಮ್ಮ ಚಿತ್ರದ ಮೇಲೆ ತೆಳು ಹಳದಿ ಹಾಳೆ ಹಾಸಿ ತಿದ್ದುವರು; ಆ ಗೆರೆ ನೋಡಿಕೊಂಡು ನಾವು ಮತ್ತೆ ಬರೆಯಬೇಕು.

ಆ ಬೇಸಗೆಯಲ್ಲಿ ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದರು. ಆಮೇಲೆ ಅರ್ಧ ಲೋಟವೇ ಸಾಕೆಂದರು. ನಾವು ಅರ್ಧವೇ ಬಗ್ಗಿಸಿ ಕೊಡತೊಡಗಿದೆವು.

ಒಂದು ದಿನ ಜಪಾನಿನಿಂದ ಫ್ಯಾಕ್ಸ್ ಬಂತು. ಗೆರೆ ಅದುರುತ್ತಿದೆ, ಇನ್ನೊಂದು ಸಲ ಹೀಗಾದರೆ ತಿದ್ದುವವರನ್ನೇ ಬದಲಿಸುತ್ತೇವೆ ಎಂದಿತ್ತು.

"ನಿಮ್ ಕೈ ನೆಟ್ಟಗಿಲ್ವಂತೆ ಕಣ್ರಪ್ಪ," ಎಂದರು ನಿರ್ದೇಶಕರು. "ನಾ ತಿದ್ದಿರದ್ನ ಸರ್ಯಾಗ್ ನೋಡ್ಕಂಡು ಬರೀರಿ."

ಆ ಸಲ ನನ್ನ ಪಾಲಿಗೆ ಬಂದ ಹಳದಿ ಹಾಳೆಗಳಲ್ಲಿ ಕತ್ತಿಯ ಅಂಚು ಇರುವೆ ಸಾಲಿನಂತೆ ಅಂಕುಡೊಂಕಾಗಿತ್ತು. ಪಕ್ಕದಲ್ಲಿದ್ದ ತಾಂಡವಪುರದವನು ಬಗ್ಗಿ ನೋಡಿದ.

"ನೆಟ್ಟಗೆ ಎಳ್ದ್ಬುಡಕ್ಕ, ಯಾರ್ಗ್ ಗೊತ್ತಾಯ್ತದೆ?"

"ಅವ್ರ್ ತಿದ್ದಿದ್ನ ನಾನ್ ತಿದ್ದದಾ? ಸುಮ್ಕಿರ್ಲಾ."

ಕಲಿಸಿದವರ ಗೆರೆ ಮೇಲೆ ಗೆರೆ ಎಳೆದರೆ ಕೈ ಸೇದಿಹೋಗಿ ಸ್ವಾಧೀನ ತಪ್ಪುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅದನ್ನು ನಂಬಿದವಳು ನಾನು. ಒಂದೊಂದು ಹಾಳೆಯಲ್ಲೂ ಆ ಅದುರಾಟವನ್ನು ಇದ್ದದ್ದು ಇದ್ದ ಹಾಗೆ ಇಳಿಸಿದೆ.

ಕಳಿಸುವ ಮುಂಚೆ ಚಿತ್ರಗಳನ್ನು ಕ್ಯಾಮೆರಾಕ್ಕೆ ಕೊಟ್ಟು ಟೀವಿಯಲ್ಲಿ ಓಡಿಸಿ ನೋಡುವುದು ರೂಢಿ. ನೂರು ಜನರನ್ನು ಕೆಡವಬೇಕಾದ ವೀರ ತೆರೆಯ ಮೇಲೆ ನಿಂತ. ಅವನ ಕೈಯ ಕತ್ತಿ, ನೀರಿನ ಚೊಂಬು ಎತ್ತಲಾರದ ಮುದುಕನ ಕೈಯಂತೆ ನಡುಗುತ್ತಲೇ ಇತ್ತು.

ನಿರ್ದೇಶಕರು ಇನ್ನೊಮ್ಮೆ ಓಡಿಸಿದರು.

"ಯಾರವ್ವ ಬರ್ದಿದ್ದು?"

"ನಾನೇ ಸಾ. ನೀವ್ ತಿದ್ದಿದ್ದಂಗೇ."

ಅವರು ನನ್ನತ್ತ ನೋಡಲಿಲ್ಲ. ತೊಡೆಯ ಮೇಲಿದ್ದ ತಮ್ಮ ಬಲಗೈ ನೋಡಿದರು. ಅದು ಸುಮ್ಮನಿರಲಿಲ್ಲ.

"ಒಂದ್ ಕೂದ್ಲೆಳೆನೂ ತಪ್ಪಿಲ್ಲ ಕಣವ್ವ," ಎಂದರು ಮೆಲ್ಲಗೆ. ತಮ್ಮ ಕುರ್ಚಿ ಬಿಟ್ಟು ಎದ್ದು, ಗೋಡೆ ಹಿಡಿದು ನಿಂತು, ಹಳದಿ ಹಾಳೆಯ ಕಟ್ಟನ್ನು ನನ್ನ ಕಡೆಗೆ ತಳ್ಳಿದರು. "ಕೂತ್ಕೊ. ಕತ್ತಿ ಎಲ್ಲಿಂದ ಎಲ್ಲಿಗೆ ಓಯ್ತದೆ ಅಂತ ನಾ ಬಾಯಲ್ಲೇ ಏಳ್ತೀನಿ."

ಕುರ್ಚಿಯಲ್ಲಿ ಅವರ ಮೈ ಬಿಸಿ ಇನ್ನೂ ಆರಿರಲಿಲ್ಲ.