ಸೊಸೆಗೆ ಮಾಡಿದ ಫೋನು, ಅತ್ತೆ ಎತ್ತಿದರು

“ಸವಿತಾ ಅವರಾ?” ಎಂದು ಕೇಳಿದೆ. ಆ ಕಡೆಯಿಂದ ವಯಸ್ಸಾದ ದನಿ ಬಂತು: “ಅಕೀ ಹಿತ್ತಲದಾಗ ಬಟ್ಟಿ ಒಗ್ಯಾಕತ್ತಾಳ್ರಿ. ನಾ ಅಕೀ ಅತ್ತಿ. ಏನ್ ಕೆಲಸಿತ್ತು?”

ಅಥಣಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸಿಬ್ಬಂದಿ ಆರಿಸುವುದು ನನ್ನ ಕೆಲಸ. ಐನಾಪುರದ ಸವಿತಾ ಲ್ಯಾಬ್ ಟೆಕ್ನೀಷಿಯನ್ ಹುದ್ದೆಗೆ ಅರ್ಜಿ ಹಾಕಿದ್ದರು. ಮರುದಿನ ಸಂದರ್ಶನವಿದೆ ಎಂದೆ. ಅತ್ತೆ ಮೊದಲು ಕೇಳಿದ್ದೇ, “ರಾತ್ರಿ ಪಾಳಿ ಇರತೈತೇನ್ರಿ?”

ಈ ಪ್ರಶ್ನೆಯ ಹಿಂದೆಯೇ “ನಮಗ ಬ್ಯಾಡ್ರಿ” ಎಂಬ ಮಾತು ಬರುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಆದರೂ ಮುಚ್ಚಿಡಲಿಲ್ಲ. ತಿಂಗಳಿಗೊಂದು ವಾರ ಇರುತ್ತದೆ ಎಂದೆ.

ಅವರು ಹೇಳಿದರು: “ಇರಲಿ ಬಿಡ್ರಿ. ಮೊಮ್ಮಗಳನ್ನ ನನ್ನ ಮಗ್ಗಲಕ ಮಲಗಿಸ್ಕೊಂತೀನಿ. ಕೂಸಿನ ತಾಯಿ ಅಂತ ಮಾತ್ರ ಅಕೀನ್ನ ಬ್ಯಾಡ ಅನಬ್ಯಾಡ್ರಿ.”

ಮರುದಿನ ಇಬ್ಬರೂ ಬಂದರು. ಅತ್ತೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಗೆ ಕಾಯ್ದರು. ಒಳಗೆ ಸವಿತಾ ವೈದ್ಯರ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ಕಲಿಯುತ್ತೇನೆ ಎಂದರು. ಕೆಲಸ ಅವರಿಗೇ ಸಿಕ್ಕಿತು. ಸುದ್ದಿ ಕೇಳಿದ ಅತ್ತೆ “ನಾ ಹೇಳಿದ್ದಿಲ್ಲೇನ?” ಎಂದು ಸೊಸೆಯ ಬೆನ್ನು ತಟ್ಟಿದರು.

ಈಗ ಅಭ್ಯರ್ಥಿಯ ಬದಲು ಮನೆಯವರು ಫೋನ್ ಎತ್ತಿದರೆ ನಾನು ಅವಸರದಲ್ಲಿ ಇಡುವುದಿಲ್ಲ. ಕೆಲಸ, ಪಾಳಿ, ಪಗಾರ ಎಲ್ಲವನ್ನೂ ಅವರಿಗೂ ಬಿಡಿಸಿ ಹೇಳುತ್ತೇನೆ. ಮಾತು ಮುಗಿಯುವ ಹೊತ್ತಿಗೆ ಎಷ್ಟೋ ಮಂದಿ ತಾವಾಗಿಯೇ ಹೇಳುತ್ತಾರೆ: “ಕಳಸ್ತೀವ್ರಿ.”